ಸಮ, ಬೆಸ

ನವೆಂಬರ್ ಒಂದು. ಬ್ರುದ್ನೊ ಸ್ಮಶಾನದ ಗೇಟಿನೆದುರು
ಅಮ್ಮನ ಅಂಗಡಿ: ಎರಡು ಮೇಜು, ಒಂದು ಟಾರ್ಪಾಲು,
ಇನ್ನೂರು ಕುಂಡ ಸೇವಂತಿಗೆ.
ವಾರ್ಸಾ ಊರಿಗೆ ಊರೇ ಸತ್ತವರ ಮನೆಗೆ ಹೊರಟಿದೆ
ದೀಪ ಹಿಡಿದು, ಪೊರಕೆ ಹಿಡಿದು, ಮಕ್ಕಳ ಕೈ ಹಿಡಿದು.

ನಾನು ಚಿಲ್ಲರೆ ಎಣಿಸುತ್ತೇನೆ.
ನನ್ನ ಹೆಸರು ಕುಕ್. ವಿಯೆಟ್ನಾಮಿನ ಮಾತಲ್ಲಿ ಸೇವಂತಿಗೆ.
ಇಲ್ಲಿ ಯಾರಿಗೂ ಅರ್ಥ ಹೇಳುವುದಿಲ್ಲ.

ಒಮ್ಮೆ ಹೇಳಿದ್ದೆ, ಏಳು ವರ್ಷದವಳಿದ್ದಾಗ,
ಕೆಳಗಿನ ಮನೆಯ ಪಾನಿ ಗೆನೊವೆಫಾಗೆ.
'ಗೋರಿಯ ಹೂವನ್ನು ಮಗುವಿಗೆ ಇಡುವುದೇ!'
ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಒಳಗೋಡಿ
ಶುಂಠಿ ಬಿಸ್ಕತ್ತು ತಂದು ಕೈಗಿಟ್ಟಳು
ಜ್ವರದ ಮಗುವಿಗೆ ಕೊಡುವ ಹಾಗೆ.

ಅದಕ್ಕೂ ಮೊದಲು, ಅಮ್ಮ ಬಂದ ಹೊಸತರಲ್ಲಿ,
ಭಾಷೆ ಬಾರದ ಬಾಯಿಗೆ ಬದಲು
ಹಳದಿ ಹೂವಿನ ಕುಂಡವೊಂದನ್ನು ಹೊತ್ತು
ಆಕೆಯ ಹುಟ್ಟುಹಬ್ಬಕ್ಕೆ ಅದೇ ಬಾಗಿಲು ತಟ್ಟಿದ್ದಳಂತೆ.
ನಾಮ್ ದಿನ್‌ನಲ್ಲಿ ಹೊಸವರ್ಷಕ್ಕೆ ಇದಿಲ್ಲದ ಹೊಸ್ತಿಲಿಲ್ಲ;
ನೂರ್ಕಾಲ ಬಾಳು ಎನ್ನಲು ಇದನ್ನೇ ಕೊಡುವುದು.
ಆಸ್ಪತ್ರೆಯ ಚೀಟಿ ಆ ಬೆಳಿಗ್ಗೆಯೇ ಬಂದಿತ್ತು, ಗಂಡನದು.
ಆಕೆ ಕುಂಡ ನೋಡಿದಳು, ಅಮ್ಮನನ್ನು ನೋಡಿದಳು,
ಬಾಗಿಲು ಹಾಕಿದಳು.
ಎರಡು ವರ್ಷ ಮೆಟ್ಟಿಲ ಮೇಲೂ ಮಾತಿಲ್ಲ.

ನಮ್ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ
ಅರಗಿನ ಬಣ್ಣದ ಹಲಗೆ: ನಾಲ್ಕು ಕಾಲಕ್ಕೆ ನಾಲ್ಕು ಗಿಡ.
ಮಂಜು ಬೀಳುವ ಕಾಲದ್ದು ನಾನು.
ತಾತ ಹೇಳುತ್ತಿದ್ದನಂತೆ: ನಿಂತಲ್ಲೇ ಒಣಗುತ್ತದೆ,
ಎಸಳನ್ನು ನೆಲಕ್ಕೆ ಬಿಡುವುದಿಲ್ಲ, ಮರ್ಯಾದಸ್ತ ಹೂವು.
(ಬಿಡುತ್ತದೆ ತಾತ. ದಿನಾ ಸಂಜೆ ಗುಡಿಸುವವಳು ನಾನು.)

ಪಾದ್ರಿ ಸಾಲು ಸಾಲಿಗೆ ತೀರ್ಥ ಚಿಮುಕಿಸುತ್ತ ಹೋದ.
ನಾಲ್ಕು ಹನಿ ನಮ್ಮ ಮೇಜಿನ ಮೇಲೂ, ಪುಕ್ಕಟೆ.

ಮೂರು ಗಂಟೆಗೇ ಮಬ್ಬು. ಊರುಗೋಲು ಊರಿಕೊಂಡು
ಪಾನಿ ಗೆನೊವೆಫಾ. ಎಂಬತ್ತೊಂದು.
ಎರಡು ಕುಂಡ ಆರಿಸಿದಳು, ನಾನೇ ಹೊತ್ತು
ಅವಳ ಸ್ತಾನಿಸ್ವಾವನ ತಲೆಯ ಬಳಿ ಇಟ್ಟುಬಂದೆ.
ಇಲ್ಲಿ ಸತ್ತವರಿಗೆ ಸಮ, ಇದ್ದವರಿಗೆ ಬೆಸ.
ಆಕೆ ಹೋಗಲಿಲ್ಲ. ಕೈಚೀಲ ತಡಕುತ್ತ ನಿಂತಳು.

'ಇನ್ನೊಂದು ಕೊಡು. ಹಳದಿಯದು.'
ಯಾರಿಗೆ?
'ಅಡುಗೆಮನೆ ಕಿಟಕಿಗೆ.'

ಅಮ್ಮ ಮೂರಕ್ಕೂ ದುಡ್ಡು ತೆಗೆದುಕೊಂಡಳು.
ಕಾಗದ ಮಾತ್ರ ಎರಡು ಸುತ್ತು ಹೆಚ್ಚು ಸುತ್ತಿದಳು, ಚಳಿಗೆ.

ಟ್ರಾಮ್ ನಿಲ್ದಾಣದ ತನಕ ನೋಡಿದೆ:
ಊರೆಲ್ಲ ಹೂ ಹೊತ್ತು ಒಳಕ್ಕೆ ಬರುತ್ತಿತ್ತು,
ಆಕೆಯೊಬ್ಬಳು ಹೊತ್ತು ಹೊರಕ್ಕೆ.
ಯಾರೋ ಟೋಪಿ ತೆಗೆದು ದಾರಿ ಬಿಟ್ಟರು.