ಬಿಡಿಸುವುದು

ವಾಲ್ಪರೈಸೊ ಗುಡ್ಡದ ಮೇಲೊಂದು ಗ್ಯಾರೇಜು.
ಯಾಸ್ನ ಗೋಲ್‌ಕೀಪರನ ಚಿತ್ರ ಬಿಡಿಸುತ್ತಿದ್ದಾಳೆ.
ಬರೆಯುವುದಲ್ಲ, ನಿಜವಾಗಿ ಬಿಡಿಸುವುದು:
ನೀಲಿಯನ್ನು ಒಂದು ಹಾಳೆಗೆ, ಕೆಂಪನ್ನು ಇನ್ನೊಂದಕ್ಕೆ,
ಆಮೇಲೆ ಹಳದಿ, ಕಪ್ಪು. ಬಿಟ್ಟಿ ಸಾಫ್ಟ್‌ವೇರು,
ಕೆಮ್ಮುವ ಪ್ರಿಂಟರು.

ನಾಲ್ಕೂ ಹಾಳೆಯಲ್ಲಿ ಬರೀ ಕಪ್ಪು ಚುಕ್ಕಿ.
"ಎಲ್ಲಿ ನನ್ನ ಬಣ್ಣ?" ಎಂದ ಮೀನು ಹಿಡಿಯುವ ಎಲಿಯೆಸರ್,
ಬಂದರಿನ ತಂಡಕ್ಕೆ ಇಪ್ಪತ್ತು ವರ್ಷ ಗೋಲು ಕಾದವನು.
"ತಾಳು" ಎಂದಳು.

ಮೊದಲ ಅಂಗಿಗೇ ಕೋನ ತಪ್ಪಿತು.
ಎರಡು ಬಣ್ಣದ ಚುಕ್ಕಿಸಾಲು ಒಂದೇ ಕಡೆ ವಾಲಿ
ಕೆನ್ನೆಯ ತುಂಬ ಬಲೆ ಎದ್ದಿತು.
ಅವಳು ಕಂಪ್ಯೂಟರನ್ನು ಬೈದಳು. ಅವನು ಅಂಗಿಯನ್ನು
ಹತ್ತಿರ ಹಿಡಿದ, ದೂರ ಹಿಡಿದ.
ಮೂಗಿನ ಬಳಿ ತಂದರೆ ತಾನೇ ಇಲ್ಲ,
ಯಾರೋ ಗೆರೆ ಎಳೆಯದೆ ಎದ್ದುಹೋದ ರಂಗೋಲಿ;
ತೋಳಿನಷ್ಟು ದೂರದಲ್ಲಿ ನಗುವ ಮುದುಕ,
ಮುಖದ ಮೇಲೆ ಬಲೆ.

"ಗೋಲಿನದೋ ಮೀನಿನದೋ?"
ಬಾಗಿಲಲ್ಲಿ ಯಾರೋ ಕೇಳಿದರು.
"ಎರಡರಲ್ಲೂ ನುಸುಳಿ ಹೋದದ್ದೇ ಹೆಚ್ಚು" ಎಂದ.

ಉಳಿದ ಮೂವತ್ತನ್ನು ಯಾಸ್ನ ಕೋನ ತಿದ್ದಿಯೇ ಒತ್ತಿದಳು.
ಆ ಒಂದನ್ನು ಅವನು ಹಾಕಿಕೊಂಡವನು
ಬಿಚ್ಚಲೇ ಇಲ್ಲ;
ಒಣಗದ ಕಪ್ಪು ಎದೆಗೂ ಹತ್ತಿತು.