ಮೂಲ ಎಂಬ ಖಾನೆ

ನದಿಮೂಲ ಋಷಿಮೂಲ ಕೆದಕಬಾರದೆಂದು
ನನ್ನಜ್ಜಿ ಹೇಳುತ್ತಿದ್ದಳು.
ಈಗ ಕೆದಕುವುದಕ್ಕೇ ನನಗೆ ಸಂಬಳ.

ಕೋಡಿಬಾಗದ ಸೇತುವೆಯ ಕೆಳಗೆ, ಇಳಿತದ ಹೊತ್ತು,
ಪುರ್ಸು ತಾಂಡೇಲನ ದೋಣಿ.
ಕಬ್ಬಿಣದ ದವಡೆ ಇಳಿಬಿಟ್ಟು, ತಳ ಕಚ್ಚಿಸಿ
ಎಳೆದರೆ ಬಂತು ಒಂದು ಬೊಗಸೆ ಕಾಳಿ:
ಕಪ್ಪು, ತಣ್ಣಗೆ, ಜೀವ ಇರುವ ಒಂದು ಚಿಪ್ಪಿ ಸಮೇತ.
ಚಿಪ್ಪಿಯನ್ನು ಆತ ನೀರಿಗೆ ಬಿಟ್ಟ.
ಉಳಿದದ್ದಕ್ಕೆ ನಾನು ನಂಬರು ಬರೆದೆ.

ಚಿಟಿಕೆ ತೆಗೆದು ಮುಂದಿನ ಹಲ್ಲಲ್ಲಿ ಕಡಿದ.
‘ಇದು ಮೇಲಿನದ್ದಲ್ಲ ಬಾಯಿ, ಇಲ್ಲೇ ಗುಡ್ಡದ್ದು.
ಮೇಲಿನದ್ದು ನಾಲಿಗೆಗೆ ನುಣ್ಣಗಿತ್ತು.
ನಾನು ಹುಡುಗ ಇದ್ದಾಗ ಬರ್ತಿತ್ತು.’
ನಕ್ಕೆ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಒಣಗಿಸಿ, ಜರಡಿ ಹಿಡಿದು, ಭಾರದ ದ್ರವಕ್ಕೆ ಸುರಿದರೆ
ತೇಲಿದವು ಬೆಣಚು, ಫೆಲ್ಡ್‌ಸ್ಪಾರ್,
ಯಾವ ಊರಲ್ಲೂ ಸಿಗುವ ಮಂದಿ.
ಮುಳುಗುವವು ಅವಸರವಿಲ್ಲದೆ ಮುಳುಗಿದವು:
ಇಲ್ಮನೈಟ್, ದಾಳಿಂಬೆ ಬಣ್ಣದ ಗಾರ್ನೆಟ್,
ಮತ್ತೆ ಜಿರ್ಕಾನ್, ಎಳ್ಳಿನ ಹತ್ತರಲ್ಲೊಂದು ಪಾಲು,
ಬಂಡೆ ಸವೆದು ಇನ್ನೊಂದು ಬಂಡೆಯಾಗಿ ಮತ್ತೆ ಸವೆದರೂ
ಹುಟ್ಟಿದ ಗಳಿಗೆ ಮರೆಯದ ಹಠಮಾರಿ.
ಮುನ್ನೂರು ಕೋಟಿ ವರ್ಷ ಎನ್ನುತ್ತದೆ ಯಂತ್ರ,
ಹೆಚ್ಚುಕಡಿಮೆ ಎಂಬ ಸಣ್ಣ ಸಂಕೋಚದೊಂದಿಗೆ.

ಆಫೀಸಿಗೆ ಬೇಕಾದದ್ದು ಪಕ್ಕದ ಖಾನೆ:
ಟನ್ನಿಗೆ ಎಷ್ಟು? ತೆಗೆದರೆ ಗಿಟ್ಟೀತೆ?
ಕೋಲಾರದ ಗಣಿದಿಬ್ಬದ ಮಗ್ಗುಲಲ್ಲಿ ಬೆಳೆದವಳು ನಾನು.
ಗಿಟ್ಟುವುದು ನಿಂತ ಮೇಲೆ
ಗಾಳಿಗೆ ಎದ್ದು ಅನ್ನದ ತಟ್ಟೆಗೆ ಇಳಿಯುವ ಪುಡಿ
ಯಾವ ಬಣ್ಣದ್ದೆಂದು ಗೊತ್ತು.
ಬರೆದೆ: ಸಾಧಾರಣ. ಇನ್ನಷ್ಟು ಮಾದರಿ ಬೇಕು.

ಆಮೇಲೆ ಕೊಳವೆ. ಒಂದೂವರೆ ಮೀಟರು ಕೆಸರನ್ನು
ಉದ್ದಕ್ಕೆ ಸೀಳಿ ಮೇಜಿನ ಮೇಲೆ ಮಲಗಿಸಿದೆ.
ಮೇಲಿನ ಎರಡು ಗೇಣು ಒಂದು ನದಿ.
ಅದರ ಕೆಳಗೆ ಇನ್ನೊಂದು.
ಕೆಳಗಿನದರಲ್ಲಿ ಕ್ರೋಮಿಯಂ, ಮ್ಯಾಂಗನೀಸ್,
ಹೊಳೆವ ಅಭ್ರಕ, ಘಟ್ಟದ ಮೇಲಿನ ಬೆಟ್ಟಗಳ ರುಜು.
ಗೆರೆ ದಾಟಿ ಮೇಲೆ ಬಂದರೆ
ರುಜು ಇಲ್ಲ. ಪೆನ್ನು ಕಿತ್ತುಕೊಂಡ ಹಾಗೆ.
ಗೆರೆ ಎಂದರೆ ಅಣೆಕಟ್ಟು ಬಾಗಿಲು ಹಾಕಿದ ಕಾಲ.
ಪುರ್ಸುವಿನ ಹಲ್ಲಿಗೆ ಇದೆಲ್ಲ
ವಿದ್ಯುತ್ ಖರ್ಚಿಲ್ಲದೆ ಗೊತ್ತಿತ್ತು.

ಸಂಜೆ ಕಸ ಗುಡಿಸಲು ಬಂದ ಜಾನಕಿ ಮಿರಾಶಿ
ಪೊರಕೆ ಗೋಡೆಗಾನಿಸಿ ನಿಂತಳು.
‘ನಮ್ದು ಸುಪಾ ಕಡೆ. ಈಗ ನೀರಿನ ಕೆಳಗೆ.
ಅಲ್ಲಿಂದು ಏನಾದ್ರೂ ಇಲ್ಲಿ ಬಂದಿರ್ತದಾ?’

ಈಗ ಬರುವುದಿಲ್ಲ, ಅಂದೆ. ಕಟ್ಟೆಯಲ್ಲೇ ಕೂರುತ್ತದೆ.
ಮುಂಚೆ, ನಿಮ್ಮಪ್ಪ ಗದ್ದೆ ಉಳುತ್ತಿದ್ದ ಕಾಲಕ್ಕೆ,
ಪ್ರತಿ ಮಳೆಗೂ ಒಂದಿಷ್ಟು ಕೊಚ್ಚಿ ಬಂದಿರಬೇಕು.
ಗೆರೆಯ ಕೆಳಗೆ ತೋರಿಸಿದೆ.

ಬರಿಗೈ ತಾಗಬಾರದು. ಬೆವರಿನ ಉಪ್ಪು ಸಾಕು
ಅಂಕಿ ಅಡ್ಡದಾರಿ ಹಿಡಿಯಲು. ಗೋಡೆಗೆ ಅಂಟಿಸಿದ್ದೇವೆ,
ಮೂರು ಭಾಷೆಯಲ್ಲಿ.
ಅವಳು ಓದಬಲ್ಲಳು.
ಸೆರಗಿಗೆ ಬೆರಳು ಒರೆಸಿ, ಮೆಲ್ಲಗೆ, ಒಂದೇ ಸಲ
ಒತ್ತಿದಳು,
ಇಡ್ಲಿ ಬೆಂದಿದೆಯೋ ಎಂದು ನೋಡುವ ಹಾಗೆ.
ಏನೂ ಹೇಳಲಿಲ್ಲ. ಪೊರಕೆ ತೆಗೆದುಕೊಂಡಳು.

‘ಮೂಲ’ ಎಂಬ ಖಾನೆ ಇನ್ನೂ ಖಾಲಿ.
ಷರಾದಲ್ಲಿ ಮಾತ್ರ ಬರೆದಿದ್ದೇನೆ:
ನಲವತ್ತೇಳನೇ ಸೆಂಟಿಮೀಟರು. ಬೆರಳು ತಾಗಿದೆ.
ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.