ಒಸರು

ಬೋರಯ್ಯ ಅಂತ ನನ್ನ ಹೆಸರು.
ಅಜ್ಜನದು ಅದು; ಅಜ್ಜನಿಗೆ ದೇವರದು.
ದುರ್ಗದ ಸೀಮೆಗೆ ಕೊಳವೆಬಾವಿ ಬರುವ ಎಷ್ಟೋ ಮೊದಲಿನದು.
ಆದರೂ ನಗುತ್ತಾರೆ ಜನ,
ಕೈಕೊಟ್ಟ ಬೋರಿಗೆ ಕ್ಯಾಮೆರಾ ಇಳಿಸುವುದು ನನ್ನ ಕಸುಬು ಅಂದರೆ.

ಕೇಬಲ್ಲಿನ ತುದಿಗೆ ಮುಷ್ಟಿ ಗಾತ್ರದ ಕಣ್ಣು,
ಕಣ್ಣಿನ ಸುತ್ತ ಹನ್ನೆರಡು ದೀಪ.
ಓಮ್ನಿಯ ಹಿಂಬಾಗಿಲಲ್ಲಿ ಪುಟ್ಟ ಟೀವಿ,
ಬಿಸಿಲಿಗೆ ಅದರ ಮೇಲೊಂದು ಟವೆಲ್ಲು,
ಟವೆಲ್ಲಿನೊಳಗೆ ನನ್ನ ತಲೆ.
ನೂರು ಅಡಿ: ಕೇಸಿಂಗು ಮುಗಿಯಿತು.
ಮುನ್ನೂರು: ಕರಿಕಲ್ಲು, ಒಣ ಒಣ.
ಐನೂರರ ಹತ್ತಿರ ಕಲ್ಲು ಬೆವರಿದ ಹಾಗೆ ಕಂಡರೆ
ನಿಲ್ಲಿಸೋ ಅಂತ ಕೂಗುತ್ತೇನೆ.
ಒಸರು.
ಬೆರಳಲ್ಲಿ ಒರೆಸಿದರೆ ಹೋಗುವಷ್ಟು.
ಸುತ್ತ ನಿಂತವರು ಉಸಿರು ಹಿಡಿದಿರುತ್ತಾರೆ.
ನೀರಿನ ವಿಷಯದಲ್ಲಿ ಸುಳ್ಳಾಡಬಾರದು ಅನ್ನುತ್ತಿದ್ದ ಅಜ್ಜ.

ರಾತ್ರಿ, ಮೆದೇಹಳ್ಳಿ ರಸ್ತೆಯ ಮನೆಯಲ್ಲಿ,
ಅಕ್ಕನ ಮಗ ಗಾದ್ರಿ ಲೈಟು ಆರಿಸಿ
ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸುತ್ತಾನೆ.
"ಮಾವಾ, ಇವತ್ತು ಗುಂಡು ಹೊಡೀಬೇಕು. ನೋಡ್ತಾ ನಿಂತ್ಕಬಾರ್ದು."

ಕಡಲ ತಳದಲ್ಲೊಂದು ಊರು.
ಯಾರು ಕಟ್ಟಿದ್ದೋ, ಯಾಕೆ ಬಿಟ್ಟು ಹೋದರೋ.
ಕ್ಷೌರದಂಗಡಿಯ ಕುರ್ಚಿ ಇನ್ನೂ ತಿರುಗುತ್ತಿದೆ,
ಶಾಲೆಯ ಬೋರ್ಡಿನ ಮೇಲೆ ಅರ್ಧ ಲೆಕ್ಕ,
ಗಾಜಿನಾಚೆ ಬಸ್ಸಿನಷ್ಟು ಉದ್ದದ ಮೀನೊಂದು
ಯಾರ ಹಂಗೂ ಇಲ್ಲದೆ ಹೋಗುತ್ತದೆ.
ನನಗಿಲ್ಲಿ ಮುಖವಿಲ್ಲ.
ಎರಡು ಕೈ, ಒಂದು ಬಂದೂಕು, ಒಂದು ಉಸಿರು.
ಆ ಉಸಿರೂ ನನ್ನದಲ್ಲ, ಹೆಡ್‌ಫೋನಿನದು.

ಇಷ್ಟು ನೀರು ಕಂಡವನಲ್ಲ ನಾನು.
ಕಡಲಿಗೆ ಹೋಗಿಲ್ಲ, ಈಜು ಬರುವುದಿಲ್ಲ.
ವಾಣಿವಿಲಾಸ ಕೋಡಿ ಬಿದ್ದ ವರ್ಷ ಹೋಗಿದ್ದೆ,
ನೀರಿಗಿಂತ ಜನರ ತಲೆಯೇ ಹೆಚ್ಚು ಕಂಡಿತು.
ಹಾಗಾಗಿ ಗಾಜಿನ ಮುಂದೆ ನಿಂತುಬಿಡುತ್ತೇನೆ.
ಹಿಂದಿನಿಂದ ದೀಪದ ತಲೆಯವರು ಬಂದು ಕೊಲ್ಲುತ್ತಾರೆ.
ಮತ್ತೆ ಹುಟ್ಟುತ್ತೇನೆ,
ಅದೇ ಬಾಗಿಲ ಬಳಿ, ಅದೇ ಆರು ಗುಂಡು.

ಒಂದು ಕೆಲಸ ಮಾತ್ರ ನನಗೆ ಬರುತ್ತದೆ:
ಯಾವ ಗೋಡೆ ಒಡೆಯುತ್ತದೆ ಅಂತ ಮೊದಲೇ ಹೇಳುವುದು.
"ಎಡಕ್ಕೆ ಬೇಡ ಕಣೋ, ಅಲ್ಲಿ ಕಪ್ಪಾಗ್ಯದೆ" ಅಂದು
ಬಾಯಿ ಮುಚ್ಚುವುದರೊಳಗೆ
ಗೋಡೆ ಬಿರಿದು ಕಡಲು ನುಗ್ಗುತ್ತದೆ.
ಗಾದ್ರಿ ತಿರುಗಿ ನೋಡುತ್ತಾನೆ ನನ್ನನ್ನು,
ಪಿಯುಸಿ ಪರೀಕ್ಷೆಯಲ್ಲಿ ಯಾರೋ ಉತ್ತರ ತೋರಿಸಿದ ಹಾಗೆ.

ಮೊನ್ನೆ ತುರುವನೂರು ರೋಡಿನ ಹಾಸ್ಟೆಲ್ಲಿನ ಬೋರು.
ಏಳುನೂರ ಇಪ್ಪತ್ತು ಅಡಿಗೆ ಕಪ್ಪು ಅಲುಗಿತು.
ಕೆಳಗಿಂದ ಯಾರೋ ತಲೆಯೆತ್ತಿದ ಹಾಗೆ
ಹನ್ನೆರಡು ದೀಪ ನನ್ನತ್ತ ತಿರುಗಿದವು.
ಟವೆಲ್ಲಿನೊಳಗೆ ತೋರುಬೆರಳು ತಾನಾಗಿ ಮಡಿಚಿಕೊಂಡಿತು.
ಯಾರೂ ನೋಡಲಿಲ್ಲ.
ನನ್ನ ದೀಪವೇ ಅದು, ನೀರು ವಾಪಸು ಕೊಟ್ಟದ್ದು.
"ಇದೆ" ಅಂದೆ.
"ಎಷ್ಟಿಂಚು?" ಅಂದರು ವಾರ್ಡನ್ನು.
ಇಂಚು ನನಗೆ ಗೊತ್ತಿಲ್ಲ ಮೇಡಂ. ಇದೆ, ಅಷ್ಟೆ.

ಇವತ್ತು ರಾತ್ರಿ ಎರಡು ಗಂಟೆ.
ಗಾದ್ರಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾನೆ.
ನಾನೊಬ್ಬನೇ ಗಾಜಿನ ಕೋಣೆಯಲ್ಲಿ; ನೀರು ಸೊಂಟಕ್ಕೆ ಬಂದಿದೆ.
ಎಲ್ಲೋ ಒಂದು ಪೈಪು ಕೆಮ್ಮುತ್ತದೆ. ಗೊರ್. ಗೊರ್.
ಯಾವ ಗೋಡೆಯದು?
ಹೆಡ್‌ಫೋನು ತೆಗೆಯುತ್ತೇನೆ. ಇನ್ನೂ ಕೆಮ್ಮುತ್ತಿದೆ.
ನಮ್ಮ ಬಚ್ಚಲದ್ದು!
ಎಂಟು ದಿನಕ್ಕೊಮ್ಮೆ, ಬಂದರೆ ಮುಕ್ಕಾಲು ಗಂಟೆ.

ಬಂದೂಕಿನ ಕೈಗಳನ್ನು ಅಲ್ಲೇ ಬಿಟ್ಟು ಓಡುತ್ತೇನೆ.
ಮೊದಲು ಗಾಳಿ, ಆಮೇಲೆ ತುಕ್ಕು,
ಆಮೇಲೆ ತಣ್ಣಗೆ ಅದು.
ಡ್ರಮ್ಮಿನ ತಳಕ್ಕೆ ಬಿದ್ದ ಸದ್ದಿಗೆ ಅಕ್ಕ ಎದ್ದಳು,
ಹಂಡೆ ಉರುಳಿತು, ಪಕ್ಕದ ಮನೆಯ ದೀಪ ಹತ್ತಿತು.

ಒಳಗಿನಿಂದ ಗಾದ್ರಿ, ಕಣ್ಣುಜ್ಜುತ್ತ:
"ಮಾವಾ, ಉಸಿರು ಮುಗಿದು ಸತ್ತೋದೆ ನೋಡು ನೀನು."
ಸಾಯಲಿ ಬಿಡೋ.
ಆ ಬಿಂದಿಗೆ ಈ ಕಡೆ ತಾ.